ಏಳನೇ ನಂಬರಿನ ಕೆಂಪು ಹೊಲಿಗೆ

ಒಂಬತ್ತನೇ ಜೆರ್ಸಿಯ ಕಾಲರಿಗೆ ಸೋಪು ಹಚ್ಚಿ, ಒಗೆಯುವ ಕಲ್ಲಿನ ಮೇಲೆ ಹಾಕಿ ಸರಳಾ ಇನ್ನೊಂದು ಸಲ ಉಜ್ಜಿದಳು. ಕೆಮ್ಮಣ್ಣಿನ ಕಲೆ ಜಪ್ಪಯ್ಯ ಅನ್ನಲಿಲ್ಲ.

ಹೊಸೂರಿನ ಪಕ್ಕದ ಆಲಸನತ್ತಂನ ಆ ಮನೆಯ ಹಿತ್ತಲಲ್ಲಿ ನಲ್ಲಿ ನೀರು ಬರುವುದೇ ಒಂದು ಗಂಟೆ. ಅಷ್ಟರಲ್ಲಿ ಹದಿನಾಲ್ಕು ನೀಲಿ ಜೆರ್ಸಿ ಒಗೆಯಬೇಕು, ಹಿಂಡಬೇಕು, ತಂತಿಯ ಮೇಲೆ ಹರವಬೇಕು. ಸೋಮವಾರ ಬೆಳಿಗ್ಗೆ ಮಡಿಸಿ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಸ್ಟೋರಿಗೆ ವಾಪಸ್ ಕೊಡಬೇಕು.

ಯಾಕೆ ಅಂತೀರಾ? ಆ ಜೆರ್ಸಿಗಳು ಹುಡುಗಿಯರವಲ್ಲ! ಇಡೀ ವಿಶ್ವವಿದ್ಯಾಲಯದ ಫುಟ್‌ಬಾಲಿಗೆ ಇದ್ದದ್ದು ಒಂದೇ ಸೆಟ್ಟು. ಹುಡುಗರು ಬೆವರಿ ಬಿಸಾಡಿದ್ದನ್ನು ಹುಡುಗಿಯರು ಒಗೆದು ಹಾಕಿಕೊಳ್ಳಬೇಕು. ಆಡಿದ ಮೇಲೆ ಮತ್ತೆ ಒಗೆದು ಹುಡುಗರಿಗೆ ಕೊಡಬೇಕು. ಒಗೆಯುವುದು ಮಾತ್ರ ಎರಡು ಸಲವೂ ಇವರೇ. ತಂಡದ ಕ್ಯಾಪ್ಟನ್ ಅಂದರೆ ಆ ವಿಶ್ವವಿದ್ಯಾಲಯದಲ್ಲಿ ಹೆಡ್ ಅಗಸಗಿತ್ತಿ ಅಂತಲೇ ಅರ್ಥ!

“ಸರಳಾ ಅನ್ನೋರ ಮನೆ ಇದೇನಾ?”

ಬೇಲಿಯ ಆಚೆ ಒಬ್ಬ ಯುವಕ ಸೈಕಲ್ ಹಿಡಿದು ನಿಂತಿದ್ದ. ಕಂಕುಳಲ್ಲಿ ಉದ್ದನೆಯ ರಿಜಿಸ್ಟರು.

“ಹೂಂ. ಯಾರು?”

“ನಾನು ಸ್ಟೋರ್‌ನೋನು, ಲಕ್ಷ್ಮೀಪತಿ ಅಂತ. ಹೊಸ್ದಾಗಿ ಸೇರ್ಕೊಂಡಿದೀನಿ. ಜೆರ್ಸಿ ಈಸ್ಕೊಂಡು ಹೋಗಾನ ಅಂತ ಬಂದೆ.”

“ನಾಳೆ ಅಲ್ವಾ ಕೊಡ್ಬೇಕಾಗಿರೋದು?”

“ಹುಡುಗ್ರುದು ಮಧ್ಯಾಹ್ನ ಮ್ಯಾಚ್ ಐತಂತೆ. ಪಿ.ಡಿ. ಸಾರ್ ಈಗ್ಲೇ ತತ್ತಾ ಅಂದವ್ರೆ.”

ಸರಳಾಗೆ ನೆತ್ತಿಗೇರಿತು. ನಿನ್ನೆ ಎರಡು ಗಂಟೆ ಆಡಿ, ಮೊಣಕಾಲು ತರಚಿಕೊಂಡು, ಬೆಳಿಗ್ಗೆ ಎದ್ದಾಗಿನಿಂದ ಈ ಕಲ್ಲಿನ ಮುಂದೆ ಕೂತವಳು ಅವಳು.

“ತಗೊಳ್ಳಿ ಹಂಗಾದ್ರೆ!”

ನೊರೆ ಸಮೇತ ಹಾರಿದ ಜೆರ್ಸಿ ಅವನ ಎದೆಗೆ ರಪ್ಪನೆ ಬಡಿಯಿತು. ರಿಜಿಸ್ಟರಿನ ಮೇಲೆಲ್ಲ ಸೋಪಿನ ನೀರು!

“ಒದ್ದೆ ಐತಲ್ರೀ!”

“ಅವ್ರು ಬೆವರಲ್ಲಿ ನೆನೆಸಿ ಕೊಟ್ಟಾಗ ನಾವೇನಾದ್ರೂ ಕೇಳಿದ್ವಾ?”

ಬೈಯುತ್ತಾನೆ ಅಂದುಕೊಂಡಳು. ಅವನು ಬೈಯಲಿಲ್ಲ. ಸೈಕಲನ್ನು ಬೇಲಿಗೆ ಒರಗಿಸಿ, ರಿಜಿಸ್ಟರನ್ನು ಅಂಗಿಗೆ ಒರೆಸಿ, ಒಳಗೆ ಬಂದು ಜೆರ್ಸಿಯ ಒಂದು ತುದಿ ಹಿಡಿದ.

“ಆ ತುದಿ ನೀವು ಹಿಡ್ಕೊಳ್ಳಿ. ಇಬ್ರೂ ಹಿಂಡಿದ್ರೆ ಬೇಗ ಒಣಗ್ತದೆ.”

ಅಷ್ಟರಲ್ಲಿ ಸರಳಾಳ ತಾಯಿ ಮುನಿಗಂಗಮ್ಮ ಹಿತ್ತಲ ಬಾಗಿಲಿಗೆ ಬಂದರು.

“ಯಾರ್ಲಾ ನೀನು? ನಮ್ಮ ಮಗಳ ಜೊತೆ ಬಟ್ಟೆ ಹಿಂಡ್ತಾ ಇದೀಯಾ?”

“ಯೂನಿವರ್ಸಿಟಿಯಿಂದ ಬಂದಿದೀನಿ ಕಣಮ್ಮಾ.”

“ಯೂನಿವರ್ಸಿಟೀಲಿ ಇದನ್ನೂ ಹೇಳ್ಕೊಡ್ತಾರಾ?” ಎಂದು ಮುನಿಗಂಗಮ್ಮ ನಕ್ಕು ಒಳಗೆ ಹೋದರು.

ಸರಳಾ ನಗಲಿಲ್ಲ. ನಗು ಬಂದಿತ್ತು, ನುಂಗಿಕೊಂಡಳು.

ಹದಿನಾಲ್ಕೂ ಹಿಂಡಿ ಮುಗಿದ ಮೇಲೆ ಅವನು ರಿಜಿಸ್ಟರು ಬಿಡಿಸಿದ.

“ಒಂದೊಂದು ಜೆರ್ಸಿಗೂ ಒಂದೊಂದು ಸೈನ್ ಹಾಕಿ. ತಂಡ ಅನ್ನೋ ಕಾಲಂನಲ್ಲಿ ‘ಮಹಿಳಾ ಫುಟ್‌ಬಾಲ್’ ಅಂತ ನೀವೇ ಬರೀರಿ.”

“ಹದಿನಾಲ್ಕು ಸೈನಾ? ನಾವೇನು ಕದ್ಕೊಂಡು ಹೋಗ್ತೀವಾ?”

“ಈಸ್ಕೊಂಡೋರು ಯಾರು, ಕೊಟ್ಟೋರು ಯಾರು ಅಂತ ಗೊತ್ತಾಗ್ಬೇಕಲ್ರೀ. ಆಮೇಲೆ ಏಳನೇ ನಂಬರ್ ಕಂಕುಳ ಹತ್ರ ಹರ್ದೈತೆ.”

ಏಳನೇ ನಂಬರು ಅವಳದೇ. ಮನೆಯಲ್ಲಿ ನೀಲಿ ದಾರವಿರಲಿಲ್ಲ. ಅಮ್ಮನ ಕೆಂಪು ದಾರದಲ್ಲಿ ಅಲ್ಲೇ ಹೊಲಿದು ಕೊಟ್ಟಳು. ಅವನು ಅದನ್ನೂ ಬಿಡಲಿಲ್ಲ. ‘ಏಳನೇ ನಂಬರ್, ಎಡ ಕಂಕುಳಲ್ಲಿ ಕೆಂಪು ಹೊಲಿಗೆ’ ಎಂದು ಬರೆದುಕೊಂಡ.

‘ಎಂಥಾ ಪಿಟಿಪಿಟಿ ಮನುಷ್ಯ!’ ಎಂದು ಸರಳಾ ಮನಸ್ಸಿನಲ್ಲೇ ಬೈದಳು.

ಆ ಪಿಟಿಪಿಟಿಯೇ ಒಂದು ದಿನ ಅವಳ ಕೈಗೆ ಆಯುಧವಾಗುತ್ತದೆ ಎಂದು 2004ರ ಆ ಭಾನುವಾರ ಯಾರಿಗೆ ಗೊತ್ತಿತ್ತು?

* * *

ಹುಡುಗಿಯರಿಗೆ ಮೈದಾನವೂ ಇರಲಿಲ್ಲ. ಬೆಳಿಗ್ಗೆ ಹುಡುಗರ ಕ್ರಿಕೆಟ್, ಸಂಜೆ ಹುಡುಗರ ಫುಟ್‌ಬಾಲ್. ಉಳಿದದ್ದು ಉರಿಬಿಸಿಲ ಮಧ್ಯಾಹ್ನ. ಅದಕ್ಕೇ ಅವರು ಕ್ಯಾಂಪಸ್ಸಿನ ಹಿಂದೆ ಒಣಗಿ ಬಿರುಕು ಬಿಟ್ಟ ಕೆರೆಯಂಗಳದಲ್ಲಿ, ಹೊತ್ತು ಹುಟ್ಟುವ ಮುಂಚೆ ಆಡುತ್ತಿದ್ದರು. ಗೋಲು ಕಂಬಕ್ಕೆ ಎರಡು ಜೊತೆ ಚಪ್ಪಲಿ.

ಒಂದು ಬೆಳಿಗ್ಗೆ ಹೋಗಿ ನೋಡಿದರೆ... ಕೆರೆಯಂಗಳದ ತುಂಬ ಸುಣ್ಣದ ಗೆರೆ! ಅಳತೆ ಹಿಡಿದು ಎಳೆದ ನೇರ ಗೆರೆಗಳು. ನಟ್ಟ ನಡುವೆ ಒಂದು ವೃತ್ತ.

ಲಕ್ಷ್ಮೀಪತಿ ಕೈ ಬೆಳ್ಳಗೆ ಮಾಡಿಕೊಂಡು ಏರಿಯ ಮೇಲೆ ಕೂತಿದ್ದ.

“ಸ್ಟೋರ್‌ನೋರೇ, ಮದುವೆ ಮನೆ ರಂಗೋಲಿ ಇದ್ದಂಗೈತೆ!” ಎಂದು ಗೋಲ್‌ಕೀಪರ್ ಸಹನಾ ಕೂಗಿದಳು. “ಯಾರ ಮದುವೆ?”

ಹುಡುಗಿಯರೆಲ್ಲ ಸರಳಾಳ ಕಡೆ ತಿರುಗಿ ಕಿಸಕ್ಕನೆ ನಕ್ಕರು.

“ಸುಮ್ನೆ ಓಡ್ರೇ!” ಎಂದು ಸರಳಾ ಗದರಿದಳು. ಕಿವಿ ಮಾತ್ರ ಬಿಸಿಯಾಗಿತ್ತು.

ಆಟ ಮುಗಿದ ಮೇಲೆ ಅವನ ಹತ್ತಿರ ಹೋಗಿ ಕೇಳಿದಳು. “ಇದೆಲ್ಲ ಯಾಕೆ ಮಾಡ್ತೀರಾ? ಪಿ.ಡಿ. ಸಾರ್‌ಗೆ ಗೊತ್ತಾದ್ರೆ?”

ಅವನು ಕೈಯ ಸುಣ್ಣ ಉದುರಿಸಿದ.

“ನಮ್ದು ಅಂಚೆಟ್ಟಿ ಕಡೆ ಹಳ್ಳಿ. ಸ್ಕೂಲಿಗೆ ಕಾಡು ದಾರೀಲಿ ಏಳು ಮೈಲಿ. ನಮ್ಮಕ್ಕ ನನಗಿಂತ ಜೋರಾಗಿ ಓಡೋಳು. ದಾರಿ ದೂರ, ಹೆಣ್ಣು ಹುಡುಗಿ ಅಂತ ಐದನೇ ಕ್ಲಾಸಿಗೇ ಬಿಡಿಸ್ಬುಟ್ರು. ಅದೇ ದಾರೀಲಿ ನನ್ನ ಮಾತ್ರ ಕಳಿಸಿದ್ರು. ಹುಡುಗ ನಡೆದ್ರೆ ದಾರಿ ಹತ್ರ ಆಯ್ತದಾ, ಹೇಳಿ?”

‘ಈ ಮನುಷ್ಯನ ಎದೆಗಾ ನಾನು ಒದ್ದೆ ಬಟ್ಟೆ ಎಸೆದದ್ದು?’ ಅನ್ನಿಸಿತು ಸರಳಾಗೆ.

ಅವತ್ತಿನಿಂದ ಜೆರ್ಸಿ ತೆಗೆದುಕೊಳ್ಳುವ ದಿನ, ವಾಪಸ್ ಕೊಡುವ ದಿನ ಅಂದರೆ ಅವಳಿಗೆ ಹಬ್ಬ. ಹದಿನಾಲ್ಕು ಸೈನು ಬೇಗ ಮುಗಿದು ಹೋಗುತ್ತವಲ್ಲ ಎಂದು ನಿಧಾನವಾಗಿ ಹಾಕುತ್ತಿದ್ದಳು. ಅವನೂ ನಿಧಾನವಾಗಿಯೇ ಎಣಿಸುತ್ತಿದ್ದ. ಇಬ್ಬರೂ ಬಾಯಿ ಬಿಟ್ಟು ಏನೂ ಹೇಳಲಿಲ್ಲ...

ಒಂದು ದಿನ ಅವನು ಧೂಳು ಹಿಡಿದ ಹಳೆಯ ರಿಜಿಸ್ಟರೊಂದನ್ನು ಅವಳ ಮುಂದಿಟ್ಟ.

“ಇಲ್ನೋಡಿ. ಸಾವಿರದ ಒಂಬೈನೂರ ಎಂಬತ್ತಾರು.”

ಮಾಸಿದ ಶಾಯಿಯಲ್ಲಿತ್ತು: ಮಹಿಳಾ ಫುಟ್‌ಬಾಲ್. ಈಸಿಕೊಂಡವರು, ಗಂಗರತ್ನಮ್ಮ, ಕ್ಯಾಪ್ಟನ್. ಹದಿನಾಲ್ಕು ಸಾಲು, ಹದಿನಾಲ್ಕು ಸೈನು.

“ಅಯ್ಯೋ... ನಾವೇ ಮೊದಲು ಅಂತಲ್ವಾ ಎಲ್ರೂ ಹೇಳ್ತಿದ್ದದ್ದು? ಎರಡು ವರ್ಷದ ಕೆಳಗೆ ಶುರುವಾಯ್ತು ಅಂತ?”

“ನಾಕು ವರ್ಷ ಆಡವ್ರೆ ಇವ್ರು. ಆಮೇಲೆ ಹೆಸರೇ ಇಲ್ಲ.”

ವಿಚಾರಿಸುತ್ತ ಹೋದಾಗ ಗಂಗರತ್ನಮ್ಮ ಸಿಕ್ಕಿದ್ದು ಜೂಜುವಾಡಿಯಲ್ಲಿ. ಗಡಿ ದಾಟಲು ಸಾಲುಗಟ್ಟಿ ನಿಂತ ಲಾರಿಗಳ ಪಕ್ಕ ಒಂದು ಸಣ್ಣ ಟೀ ಅಂಗಡಿ. ನಲವತ್ತು ದಾಟಿದ ಗಟ್ಟಿ ಹೆಂಗಸು. ‘ಫುಟ್‌ಬಾಲ್’ ಎಂದು ಸರಳಾ ಹೇಳಿದ್ದೇ ತಡ, ಟೀ ಸೋಸುವ ಕೈ ನಿಂತುಹೋಯಿತು.

“ಯಾರಮ್ಮಾ ನಿಂಗೆ ಹೇಳಿದ್ದು? ನನ್ನ ಮಕ್ಕಳಿಗೇ ಗೊತ್ತಿಲ್ಲ!”

“ನಿಮ್ಮ ಸೈನ್ ಹೇಳ್ತು ಅಕ್ಕಾ.”

ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು ಬೆಂಚಿನ ಮೇಲೆ ಕೂತರು.

“ಮೂರು ಸಲ ಗೆದ್ವಿ ಕಣೇ. ನೋಟೀಸ್ ಬೋರ್ಡಲ್ಲಿ ಒಂದ್ಸಲಾನೂ ಹಾಕ್ಲಿಲ್ಲ. ಕೊನೇಗೆ ‘ಹುಡುಗೀರು ಬರ್ತಾ ಇಲ್ಲ’ ಅಂತ ಹೇಳಿ ಮುಚ್ಬುಟ್ರು. ನಾವು ಹದಿನಾಕು ಜನ ಬಾಗಿಲ ಮುಂದೆ ನಿಂತಿದ್ವಿ! ನಿಂತಿರೋರನ್ನ ಇಟ್ಕೊಂಡೇ ‘ಬರ್ತಾ ಇಲ್ಲ’ ಅಂದ್ರಲ್ಲ...”

“ನೀವು ಮೇಲಕ್ಕೆ ಬರೀಲಿಲ್ವಾ?”

“ಬರ್ದ್ವಿ. ‘ಥ್ರೂ’ ಹಾಕಿಸ್ಕೊಂಡು ಬನ್ನಿ ಅಂದ್ರು. ಯಾರ ಮೇಲೆ ಬರ್ದಿದ್ವೋ ಅವರ ಸೈನೇ ಬೇಕಂತೆ! ಅವ್ರು ಹಾಕ್ಲಿಲ್ಲ. ಕಾಗದ ಎಲ್ಲಿ ಹೋಯ್ತೋ...”

* * *

2005ರ ಜನವರಿ. ಸೇಲಂನಲ್ಲಿ ಅಂತರ ವಿಶ್ವವಿದ್ಯಾಲಯ ವಲಯ ಪಂದ್ಯಾವಳಿ.

ಹುಡುಗರ ತಂಡ ಮೂರು ವಾರ ಮುಂಚೆಯೇ ಮೊದಲ ಪಂದ್ಯದಲ್ಲಿ ಸೋತು, ಮನೆಗೆ ಬಂದು ಮಲಗಿತ್ತು. ಹುಡುಗಿಯರ ತಂಡ ಫೈನಲಿಗೆ ಹೋಯಿತು. ಸಹನಾ ಒಂದು ಪೆನಾಲ್ಟಿಯನ್ನು ಹೊಟ್ಟೆಗೆ ಅವುಚಿ ಹಿಡಿದಳು. ಕೊನೆಯ ಐದು ನಿಮಿಷದಲ್ಲಿ ಏಳನೇ ನಂಬರಿನ ಕಾಲಿನಿಂದ ಹೊರಟ ಚೆಂಡು ಬಲೆ ಸೇರಿತು.

ಗೆದ್ದರು!

ಬಸ್ಸಿನಲ್ಲಿ ಹಾಡಿಕೊಂಡು ಬಂದು ಕಪ್ಪನ್ನು ಪಿ.ಡಿ. ಸಾರ್, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕ ಮುನಿಕೃಷ್ಣಪ್ಪನವರ ಮೇಜಿನ ಮೇಲೆ ಇಟ್ಟರು. ಅವರು ಅದನ್ನು ತಿರುಗಿಸಿ ನೋಡಿ, “ಸರಿ, ಸರಿ. ಜೆರ್ಸಿ ಒಗೆದು ಕೊಟ್ಬುಡಿ” ಎಂದರು. ಅಷ್ಟೇ.

ಸ್ಟೋರಿನಲ್ಲಿ ಮಾತ್ರ ಲಕ್ಷ್ಮೀಪತಿ ಎದ್ದು ನಿಂತಿದ್ದ. ಹದಿನಾಲ್ಕು ಸೈನು ಆದ ಮೇಲೆ, ಪುಟದ ಅಂಚಿನಲ್ಲಿ ಬರೆದ: ‘ಈ ಜೆರ್ಸಿಗಳಲ್ಲಿ ಆಡಿ ಮಹಿಳಾ ತಂಡ ಕಪ್ ಗೆದ್ದಿದೆ.’

“ರಿಜಿಸ್ಟರಲ್ಲಿ ಇದನ್ನೆಲ್ಲ ಬರೀಬಹುದಾ?”

“ಹರ್ದಿದ್ದು ಬರೀತೀನಿ. ಗೆದ್ದಿದ್ದು ಬರೀಬಾರ್ದಾ?”

ಅವಳ ಎದೆ ತುಂಬಿ ಬಂತು. ‘ಈಗ ಹೇಳಿಬಿಡಲಾ?’ ಅನ್ನಿಸಿತು. ಅಷ್ಟರಲ್ಲಿ ಯಾರೋ ಶಟಲ್ ರಾಕೆಟ್ ಕೇಳಿಕೊಂಡು ಬಂದರು.

ಮಾರ್ಚಿನಲ್ಲಿ ವಿಶ್ವವಿದ್ಯಾಲಯದ ಬೆಳ್ಳಿಹಬ್ಬ. ದಪ್ಪನೆಯ ಸ್ಮರಣ ಸಂಚಿಕೆ. ಕ್ರೀಡಾ ಪುಟ ಬರೆಯಲು ನಿರ್ದೇಶಕರು ಹೇಳಿದ್ದು ಲಕ್ಷ್ಮೀಪತಿಗೇ. ಅವನು ಎಂಬತ್ತಾರರಿಂದ ಹಿಡಿದು ಹುಡುಗಿಯರ ತಂಡದ ಇತಿಹಾಸವನ್ನೆಲ್ಲ ಎರಡು ಪುಟ ಬರೆದು ಕೊಟ್ಟಿದ್ದ.

ಅಚ್ಚಾಗಿ ಬಂದದ್ದು ನಾಲ್ಕೇ ಸಾಲು. ‘ನಮ್ಮ ಫುಟ್‌ಬಾಲ್ ತಂಡ ಈ ಸಾಲಿನಲ್ಲಿ ಸೇಲಂನಲ್ಲಿ ಕಪ್ ಗೆದ್ದು ಕೀರ್ತಿ ತಂದಿದೆ.’

ಮೇಲೆ ಬಣ್ಣದ ಫೋಟೋ. ಕಪ್ ಹಿಡಿದು ಹಲ್ಲು ಕಿರಿಯುತ್ತ ನಿಂತ ಹುಡುಗರ ತಂಡ! ಮುಂದಿನ ಸಾಲಿನಲ್ಲಿ ಒಬ್ಬ ಕೈ ಎತ್ತಿದ್ದ. ಏಳನೇ ನಂಬರು. ಎಡ ಕಂಕುಳಲ್ಲಿ... ಕೆಂಪು ಹೊಲಿಗೆ!

ಸರಳಾ ಆ ಹೊಲಿಗೆಯ ಮೇಲೆ ಬೆರಳಿಟ್ಟಳು. ‘ನಾನು ಹೊಲಿದದ್ದು. ನಾನು ಒಗೆದದ್ದು. ನಾನು ಗೆದ್ದದ್ದು. ನಿಂತಿರುವವನು ಯಾರು?’

“ನನ್ನ ಹೆಸರು ಮಾತ್ರ ಬಿಟ್ಟು ಮಿಕ್ಕಿದ್ದೆಲ್ಲ ಹೊಡೆದಾಕವ್ರೆ,” ಎಂದ ಲಕ್ಷ್ಮೀಪತಿ. ಅವನ ಮುಖ ಕಪ್ಪಿಟ್ಟಿತ್ತು. ಪುಟದ ಕೆಳಗೆ ‘ಸಂಗ್ರಹ: ಲಕ್ಷ್ಮೀಪತಿ’ ಎಂದಿತ್ತು.

ಸರಳಾ ಅವನ ಮಾತು ನಂಬಿದಳು. ಅಂದೇ ಕೂತು ಕುಲಪತಿಗಳಿಗೆ ಕಾಗದ ಬರೆದಳು. ‘ಈ ಕಪ್ ನಮ್ಮದು. ನಮ್ಮ ತಂಡದ ಹೆಸರು ದಾಖಲೆಗೆ ಬರಬೇಕು. ನಮಗೆ ನಮ್ಮದೇ ಜೆರ್ಸಿ, ಮೈದಾನದಲ್ಲಿ ನಮ್ಮದೇ ಹೊತ್ತು ಬೇಕು.’ ಹದಿನಾಲ್ಕು ಹುಡುಗಿಯರೂ ಸೈನು ಹಾಕಿದರು. ಆಫೀಸಿನ ಪದ್ಧತಿಯಂತೆ ಮೇಲೆ ‘ಮೂಲಕ: ದೈಹಿಕ ಶಿಕ್ಷಣ ನಿರ್ದೇಶಕರು’ ಎಂಬ ‘ಥ್ರೂ’ ಸಾಲನ್ನೂ ಬರೆದಳು.

ಇಲ್ಲೇ ನೋಡಿ, ಅವಳು ತಪ್ಪಿದ್ದು. ಗಂಗರತ್ನಮ್ಮ ಬಿದ್ದ ಹಳ್ಳವನ್ನು ಕಣ್ಣಾರೆ ಕಂಡು ಬಂದವಳು, ಅದೇ ಹಳ್ಳಕ್ಕೆ ತಾನೂ ಕಾಲಿಟ್ಟಳು. ಆಫೀಸಿನ ಭಯ ಅಂಥದ್ದು! ‘ಮೂಲಕ’ ಇಲ್ಲದೆ ಹೋದ ಕಾಗದವನ್ನು ಯಾರೂ ಮುಟ್ಟುವುದಿಲ್ಲ ಎಂದು ಚಿಕ್ಕಂದಿನಿಂದ ಎಲ್ಲರ ತಲೆಗೂ ತುಂಬಿಟ್ಟಿದ್ದಾರಲ್ಲ.

“ನೀವೇ ಸೈನ್ ಹಾಕಿಸಿ ಕಳಿಸಿ,” ಎಂದು ಲಕ್ಷ್ಮೀಪತಿಯ ಕೈಗೆ ಕೊಟ್ಟಳು. “ನಿಮ್ಮನ್ನ ಬಿಟ್ರೆ ಇನ್ಯಾರನ್ನೂ ನಂಬಲ್ಲ ನಾನು.”

* * *

ಏಪ್ರಿಲ್ ಹೋಯಿತು. ಮೇ ಹೋಯಿತು.

“ಏನಾಯ್ತು?” ಎಂದು ಕೇಳಿದಾಗಲೆಲ್ಲ ಅವನು ಕಣ್ಣು ತಪ್ಪಿಸುತ್ತಿದ್ದ. “ಸಾರ್ ‘ಪಾಪ್ಪೋಂ, ಪಾಪ್ಪೋಂ’ ಅಂತವ್ರೆ.” ಪಾಪ್ಪೋಂ ಅಂದರೆ ನೋಡೋಣ. ತಮಿಳಿನಲ್ಲಿ ಹೇಳಿದರೂ ಕನ್ನಡದಲ್ಲಿ ಹೇಳಿದರೂ ಆಫೀಸಿನ ‘ನೋಡೋಣ’ಕ್ಕೆ ಒಂದೇ ಅರ್ಥ!

ಜೂನಿನಲ್ಲಿ ನೋಟೀಸು ಬಿತ್ತು. ‘ವಿಶ್ವವಿದ್ಯಾಲಯದಲ್ಲಿ ಮಹಿಳಾ ಫುಟ್‌ಬಾಲ್ ತಂಡ ಇದ್ದ ಬಗ್ಗೆ ದಾಖಲೆಗಳಿಲ್ಲ. ಆದ್ದರಿಂದ ಈ ಹೆಸರಿನಲ್ಲಿ ಅಭ್ಯಾಸ ನಡೆಸುವಂತಿಲ್ಲ.’

ಸರಳಾ ಓಡಿದಳು. ಸ್ಟೋರಿನಲ್ಲಿ ಲಕ್ಷ್ಮೀಪತಿ ಇರಲಿಲ್ಲ. ಮೇಜಿನ ಮೇಲೆ ರಿಜಿಸ್ಟರಿತ್ತು. ದಾಖಲೆ ಇಲ್ಲವಂತೆ! ಇದೇನು ಮತ್ತೆ? ಎಂದು ತೆಗೆದಳು.

ಒಳಗೆ ಅವಳ ಕಾಗದ. ನಿರ್ದೇಶಕರ ಸೈನಿಲ್ಲದೆ, ಮಡಿಸಿದ್ದು... ಮಡಿಸಿದ ಹಾಗೇ ಇತ್ತು.

“ಸರಳಾ...” ಬಾಗಿಲಲ್ಲಿ ಅವನು ನಿಂತಿದ್ದ.

“ಇದು ಇಲ್ಲೇ ಐತೆ! ಮೂರು ತಿಂಗಳು... ಇಲ್ಲೇ ಇತ್ತಾ?”

“ಸಾರ್ ಹೇಳಿದ್ರು, ಈ ಕಾಗದ ಮೇಲೆ ಹೋದ್ರೆ ಮಾರನೇ ದಿನ ಟೀಮ್ ಕ್ಲೋಸ್ ಅಂತ. ಹೋಗ್ದೇ ಇದ್ರೆ ಆಡ್ಕೊಂಡು ಹೋಗ್ಲಿ ಅಂತ. ನಾನು ನಂಬ್ಬುಟ್ಟೆ. ನಿಮ್ಮ ಆಟ ನಿಲ್ಲಬಾರ್ದು ಅಂತ...”

“ನಮ್ಮ ಪರವಾಗಿ ಹೆದರಕ್ಕೆ ನಿನಗೆ ಯಾರು ಹೇಳಿದ್ರು?”

ಅವಳ ಬಾಯಿಂದ ಮೊದಲ ಸಲ ಏಕವಚನ ಬಂತು. ಪ್ರೀತಿಯಿಂದ ಬರಬೇಕಾಗಿದ್ದ ‘ನೀನು’, ಸಿಟ್ಟಿನಿಂದ ಬಂತು.

“ಹದಿನಾಕು ಜನ ಹೆದರದೆ ಸೈನ್ ಹಾಕಿದ್ವಿ. ನೀನೊಬ್ಬ ಹೆದರಿ ಎಲ್ಲಾನೂ ಮಡಿಸಿ ಇಟ್ಕೊಂಡೆ! ನಿನ್ನಕ್ಕನ ಸ್ಕೂಲು ಬಿಡಿಸಿದೋರೂ ಒಳ್ಳೇದಕ್ಕೇ ಅಂತಾನೇ ಅಲ್ವಾ ಬಿಡಿಸಿದ್ದು?”

ಆ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

“ಇಟ್ಕೊ ಈ ಕಾಗದಾನ. ನಿನ್ನ ರಿಜಿಸ್ಟರಲ್ಲೇ ಇರ್ಲಿ!”

ಹಿಂದೆ ತಿರುಗಿ ನೋಡದೆ ಹೊರಟುಹೋದಳು. ಬಸ್ ಸ್ಟಾಂಡಿನವರೆಗೂ ಅಳಲಿಲ್ಲ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಮಾತ್ರ... ತಡೆಯಲಾಗಲಿಲ್ಲ.

* * *

ಎರಡು ವರ್ಷ.

ಹುಡುಗಿಯರು ಚೆಲ್ಲಾಪಿಲ್ಲಿಯಾದರು. ಸಹನಾ ಮದುವೆಯಾಗಿ ಕೃಷ್ಣಗಿರಿಗೆ ಹೋದಳು. ಸರಳಾ ಜೂಜುವಾಡಿಯ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆದಳು. ಗಂಡು ನೋಡಲು ಬಂದವರಿಗೆಲ್ಲ ಏನೋ ಒಂದು ನೆಪ ಹೇಳಿದಳು. ಮುನಿಗಂಗಮ್ಮನಿಗೆ ಕಾರಣ ಗೊತ್ತಿತ್ತು, ಕೇಳಲಿಲ್ಲ.

ಅವತ್ತೂ ಭಾನುವಾರ. ಸರಳಾ ಹಿತ್ತಲಲ್ಲಿ ಜೆರ್ಸಿ ಒಗೆಯುತ್ತಿದ್ದಳು. ಹಳದಿ ಜೆರ್ಸಿಗಳು. ಅವಳ ಶಾಲೆಯ ಹೆಣ್ಣುಮಕ್ಕಳವು, ಅವರವೇ! ಯಾರಿಗೂ ವಾಪಸ್ ಕೊಡಬೇಕಾಗಿಲ್ಲ.

“ಸರಳಾ ಅನ್ನೋರ ಮನೆ ಇದೇನಾ?”

ಕೈಯ ಸೋಪು ಜಾರಿ ಬಕೆಟ್ಟಿಗೆ ಬಿತ್ತು.

ಬೇಲಿಯಾಚೆ ಅವನೇ! ಸೊರಗಿದ್ದ. ಕಂಕುಳಲ್ಲಿ ಒಂದು ಕಟ್ಟು.

“ಯಾಕೆ ಬಂದ್ರಿ?” ಎಂದಳು. ಮತ್ತೆ ಬಹುವಚನ. ಅದು ಬೈಗುಳಕ್ಕಿಂತ ಗಟ್ಟಿಯಾಗಿ ಬಿತ್ತು.

ಅವನು ಒಂದು ಆಮಂತ್ರಣ ಪತ್ರಿಕೆ ಚಾಚಿದ. ಚಿನ್ನದ ಬಣ್ಣದ ಅಕ್ಷರ. ‘ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಪ್ರಪ್ರಥಮ ಬಾರಿಗೆ! ಮಹಿಳಾ ಫುಟ್‌ಬಾಲ್ ತಂಡದ ಉದ್ಘಾಟನೆ. ಶುಕ್ರವಾರ.’

“ಪ್ರಪ್ರಥಮ!” ಸರಳಾಗೆ ನಗುವೂ ಸಿಟ್ಟೂ ಒಟ್ಟಿಗೆ ಉಕ್ಕಿತು. “ಇನ್ನೂ ಎಷ್ಟು ಸಲ ಮೊದಲನೇ ಸಲ ಹುಟ್ಟಿಸ್ತಾರಂತೆ ನಮ್ಮನ್ನ?”

“ಅದಕ್ಕೇ ಬಂದೆ. ಹಳೇ ರಿಜಿಸ್ಟರ್ ಎಲ್ಲಾ ಗುಜರಿಗೆ ಹಾಕು ಅಂದ್ರು ಸಾರ್. ನಾನು ಹಾಕ್ಲಿಲ್ಲ. ಎಲ್ಲಾನೂ ಲೈಬ್ರರಿಗೆ ಕೊಟ್ಟು ರಸೀದಿ ಈಸ್ಕೊಂಡಿದೀನಿ. ಇನ್ನು ಸುಡಂಗಿಲ್ಲ, ಹರಿಯಂಗಿಲ್ಲ. ಇದು ಪುಟಗಳ ಜೆರಾಕ್ಸು.”

ಅವಳು ತೆಗೆದು ನೋಡಿದಳು. ಗಂಗರತ್ನಮ್ಮನ ಸೈನು. ತನ್ನ ಸೈನು. ಸೇಲಂ ಫೈನಲಿನ ತಾರೀಕು, ಅದರ ಮುಂದೆ ‘ಮಹಿಳಾ ಫುಟ್‌ಬಾಲ್’. ಇದ್ದದ್ದು ಒಂದೇ ಸೆಟ್ಟು. ಆ ದಿನ ಅದು ಹುಡುಗಿಯರ ಮೈಮೇಲಿತ್ತು. ಹಾಗಾದರೆ ಕಪ್ ಗೆದ್ದವರು ಯಾರು? ಹುಡುಗರೇನು ಬರಿ ಮೈಯಲ್ಲಿ ಆಡಿ ಗೆದ್ದರಾ?

ಒಗೆದು ಒಗೆದು ಕೊಟ್ಟ ಆ ಅವಮಾನವೇ, ಒಂದೊಂದಕ್ಕೂ ಹಾಕಿಸಿಕೊಂಡ ಆ ಸೈನೇ ಇವತ್ತು ಸಾಕ್ಷಿಯಾಗಿ ಕೂತಿತ್ತು!

ಕಟ್ಟಿನ ಕೊನೆಯಲ್ಲಿ ಅವಳ ಹಳೆಯ ಕಾಗದ. ಅದಕ್ಕೆ ಸೇರಿಸಿದ ಇನ್ನೊಂದು ಹಾಳೆ: ‘ಈ ಜೆರ್ಸಿಗಳನ್ನು ಮಹಿಳಾ ತಂಡಕ್ಕೆ ಕೊಟ್ಟವನು ನಾನೇ. ಇವರ ಕಾಗದವನ್ನು ಎರಡು ವರ್ಷ ಕಳಿಸದೆ ಇಟ್ಟುಕೊಂಡ ತಪ್ಪಿತಸ್ಥನೂ ನಾನೇ. ಲಕ್ಷ್ಮೀಪತಿ, ಸ್ಟೋರ್.’

“ಇದು ಹೋದ್ರೆ... ನಿಮ್ಮ ಕೆಲಸ?”

“ಟೆಂಪರವರಿ ಕೆಲಸ. ಹೋಗ್ಬೋದು.”

“ಎರಡು ವರ್ಷ ಎಲ್ಲಿತ್ತು ಈ ಧೈರ್ಯ?”

ಅವನು ತಲೆ ತಗ್ಗಿಸಲಿಲ್ಲ ಈ ಸಲ.

“ಹೆದರಿದ್ದೆ ಸರಳಾ. ಟೀಮಿಗೋಸ್ಕರ ಅಂತ ಹೇಳಿದ್ದು ಅರ್ಧ ಸುಳ್ಳು. ಪರ್ಮನೆಂಟ್ ಆಯ್ತದೆ ಅನ್ನೋ ಆಸೆ ನಂಗೂ ಇತ್ತು. ನೀವು ಅಕ್ಕನ ಮಾತು ಅಂದ್ರಲ್ಲ, ಅವತ್ತಿಂದ ಊರಿಗೆ ಹೋದಾಗೆಲ್ಲ ಅಕ್ಕನ ಮುಖ ನೋಡಕ್ಕೆ ಆಗ್ತಾ ಇರ್ಲಿಲ್ಲ.”

ಸರಳಾಳ ಕಣ್ಣು ತುಂಬಿತು. ಅವನು ತಪ್ಪು ಮುಚ್ಚಿಕೊಳ್ಳಲು ಬಂದಿರಲಿಲ್ಲ. ಸೈನು ಹಾಕಿಕೊಂಡೇ ಬಂದಿದ್ದ.

ಬಾಗಿಲಲ್ಲಿ ಮುನಿಗಂಗಮ್ಮ ನಿಂತಿದ್ದರು.

“ಏನ್ಲಾ ಯೂನಿವರ್ಸಿಟಿ, ಎರಡು ವರ್ಷ ಆಯ್ತು ಬಟ್ಟೆ ಹಿಂಡಕ್ಕೆ ಬರಕ್ಕೆ?” ಎಂದರು. “ನೀರು ನಿಂತೋಯ್ತದೆ, ಆ ತುದಿ ಹಿಡ್ಕೊ!”

* * *

ಮಾರನೇ ದಿನ ಹೊಸೂರಿನ ಪೋಸ್ಟಾಫೀಸು. ಗಂಗರತ್ನಮ್ಮ ಅಂಗಡಿಗೆ ಬೀಗ ಹಾಕಿಕೊಂಡು ಬಂದಿದ್ದರು. ಕೃಷ್ಣಗಿರಿಯಿಂದ ಸಹನಾ ಫೋನಿನಲ್ಲೇ ಕಿರುಚಿದ್ದಳು, “ನನ್ನ ಹೆಸರು ದಪ್ಪಕ್ಕೆ ಕಾಣೋ ಹಂಗೆ ಮೇಲಿಡ್ರೇ!”

ಗಂಗರತ್ನಮ್ಮ ಕೈ ಒರೆಸಿಕೊಂಡು, ಹದಿನಾಲ್ಕು ಹೆಸರಿನ ಕೆಳಗೆ ತಮ್ಮದನ್ನೂ ಬರೆದರು: ‘ಕ್ಯಾಪ್ಟನ್, 1986.’ ಬರೆದು, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತರು.

ಸರಳಾ ಪೆನ್ನು ತೆಗೆದುಕೊಂಡಳು. ‘ಮೂಲಕ: ದೈಹಿಕ ಶಿಕ್ಷಣ ನಿರ್ದೇಶಕರು.’ ಆ ಸಾಲಿನ ಮೇಲೆ ಅಡ್ಡ ಗೆರೆ ಎಳೆದಳು. ಸುಣ್ಣದ ಗೆರೆಯಷ್ಟೇ ನೇರವಾಗಿ! ಹಳೆಯ ತಾರೀಕನ್ನು ಮಾತ್ರ ತಿದ್ದಲಿಲ್ಲ. ಎಷ್ಟು ತಡವಾಯಿತು ಅನ್ನುವುದೂ ಕುಲಪತಿಗಳಿಗೆ ಗೊತ್ತಾಗಲಿ.

“ಇನ್ನೊಂದು ಐತೆ,” ಎಂದ ಲಕ್ಷ್ಮೀಪತಿ. ಚೀಲದಿಂದ ಮಾಸಿದ ನೀಲಿ ಬಟ್ಟೆಯೊಂದನ್ನು ತೆಗೆದ.

ಏಳನೇ ನಂಬರು! ಕಂಕುಳಲ್ಲಿ ಕೆಂಪು ಹೊಲಿಗೆ ಇನ್ನೂ ಗಟ್ಟಿಯಾಗಿತ್ತು.

“ಹಳೇ ಸೆಟ್ಟು ಹರಾಜಿಗೆ ಬಂತು. ಇದೊಂದನ್ನ ನಾನೇ ಕೊಂಡ್ಕೊಂಡೆ. ಬೇರೆ ಯಾರೋ ಹಾಕ್ಕೊಳ್ಳೋದು ನೋಡಕ್ಕೆ ಆಗ್ಲಿಲ್ಲ.”

ಸರಳಾ ಅದನ್ನು ಎದೆಗೆ ಒತ್ತಿಕೊಂಡಳು.

“ಇದಕ್ಕೂ ಸೈನ್ ಹಾಕ್ಬೇಕಾ, ಸ್ಟೋರ್‌ನೋರೇ?”

“ಹಾಕ್ಬೇಕು. ಆದ್ರೆ... ವಾಪಸ್ ಕೊಡೋ ತಾರೀಕು ಬರ್ಕೊಳಲ್ಲ.”

“ಕೆಲಸ ಕಳ್ಕೊಳ್ಳೋನು ಯಾವ ರಿಜಿಸ್ಟರಲ್ಲಿ ಹಾಕಿಸ್ಕೊಳ್ತೀಯಾ?”

‘ತೀಯಾ’ ಎಂಬ ಕೊನೆಯೇ ಅವನಿಗೆ ಸಾಕಾಯಿತು. ಎರಡು ವರ್ಷದ ಹಿಂದೆ ಸಿಟ್ಟಿನಲ್ಲಿ ಬಂದ ಏಕವಚನ, ಇವತ್ತು ಬರಬೇಕಾದ ಹಾಗೆ ಬಂದಿತ್ತು.

“ಮದುವೆ ರಿಜಿಸ್ಟರಲ್ಲಿ,” ಎಂದ ಮೆಲ್ಲಗೆ. “ನೀನು ಒಪ್ಪಿದ್ರೆ. ಅದಕ್ಕೆ ಒಂದೇ ಸೈನು ಸಾಕು.”

“ಅವತ್ತು ಹದಿನಾಕು ಹಾಕಿಸ್ಕೊಂಡೆ. ಇದಕ್ಕೊಂದು ಹಾಕಕ್ಕೆ ನಂಗೇನು ಕಷ್ಟ?” ಎಂದಳು. ಹೇಳಿದ ಮೇಲೆ ಮುಖ ಜೆರ್ಸಿಯಲ್ಲಿ ಮುಚ್ಚಿಕೊಂಡಳು.

“ಲೇ, ಆಮೇಲೆ ನಾಚ್ಕೊಳ್ಳುವಂತೆ!” ಎಂದು ಗಂಗರತ್ನಮ್ಮ ಬೆನ್ನಿಗೆ ತಿವಿದರು. “ಮೊದ್ಲು ಕಾಗದ! ಇಪ್ಪತ್ತು ವರ್ಷದಿಂದ ಕಾದಿದೀನಿ ನಾನು!”

ಕೌಂಟರಿನಾಚೆಯ ಗುಮಾಸ್ತ ಲಕೋಟೆಯನ್ನು ತೂಗಿ, ಕನ್ನಡಕದ ಮೇಲಿಂದ ನೋಡಿದ. ಕಳಿಸುವವರ ಹೆಸರಿನ ಜಾಗ ಖಾಲಿಯಿತ್ತು.

“ಯಾರು ಪೇರು ಮಾ?” ಎಂದು ತಮಿಳಿನಲ್ಲಿ ಕೇಳಿದ. ಯಾರ ಹೆಸರು?

ಸರಳಾ ಲಕ್ಷ್ಮೀಪತಿಯ ಕಡೆ ನೋಡಿದಳು. ಅವನು ಜೇಬಿನಿಂದ ಪೆನ್ನು ತೆಗೆದು ಕೊಟ್ಟ.

“ಕಾಲಂನಲ್ಲಿ ನೀನೇ ಬರಿ,” ಎಂದ.

ಅವಳು ಬರೆದಳು: ಮಹಿಳಾ ಫುಟ್‌ಬಾಲ್ ತಂಡ.

“ಅನುಪ್ಪಲಾಮಾ?” ಎಂದ ಗುಮಾಸ್ತ. ಕಳಿಸಬಹುದಾ?

“ಕಳಿಸಿ!” ಎಂದಳು ಸರಳಾ.

ಮುದ್ರೆ ಧಪ್ಪೆಂದು ಬಿತ್ತು.